ಡಬ್ಬಿಯೊಳಗೊಂದು ಗಂಜ್

ನಮ್ಮ ಜೋರಾಪುರ ಪೇಟೆಯಲ್ಲಿ ಲೀಟರಿನ ಲೆಕ್ಕಕ್ಕೆ ಬರುವುದು ಹಾಲು, ಎಣ್ಣೆ, ಬೇಸಿಗೆ ಬಂತೆಂದರೆ ಟ್ಯಾಂಕರಿನ ನೀರು. ಕಂಪ್ಯೂಟರಿನ ಡಬ್ಬಿಯನ್ನೂ ಲೀಟರಿನಲ್ಲೇ ಅಳೆಯುತ್ತಾರೆ ಎಂದರೆ ಓಣಿಯವರು ನಗುತ್ತಾರೆ. ಸಣ್ಣ ಡಬ್ಬಿಯ ಹುಚ್ಚು ಹಿಡಿದವರ ಲೆಕ್ಕವೇ ಅದು. ಉದ್ದ, ಅಗಲ, ಎತ್ತರ ಗುಣಿಸಿ ಇಷ್ಟು ಲೀಟರ್ ಎಂದುಬಿಡುತ್ತಾರೆ. ತೈವಾನಿನ ವಿಯಾ ಕಂಪನಿ 2001ರಲ್ಲಿ 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡನ್ನು ಹೊರತಂದ ಮೇಲೆ ಈ ಹುಚ್ಚಿಗೆ ಇಂಬು ಸಿಕ್ಕಿತು. ನನ್ನ ಡಬ್ಬಿ 18 ಲೀಟರಿನದು. ಶೋಕಿಗೆ ಕೊಂಡದ್ದಲ್ಲ, ಮೇಜಿನ ಮೇಲೆ ಅದಕ್ಕಿಂತ ದೊಡ್ಡದಕ್ಕೆ ಜಾಗವಿರಲಿಲ್ಲ.

ನನ್ನ ಉದ್ಯೋಗ ಲಗ್ನದ ವಿಡಿಯೋ ಎಡಿಟಿಂಗ್. ಮುಂದಿನ ಮನೆಗೆ ಮಣ್ಣಿನ ಮೇಲ್ಮುದ್ದೆ, ಮೇ ತಿಂಗಳಲ್ಲೂ ತಂಪು. ಅಲ್ಲಿ ಅವ್ವ ಇರುತ್ತಾಳೆ. ನನ್ನ ಕೆಲಸ ಹಿತ್ತಲಿನ ಪತ್ರಾಸಿನ ಖೋಲಿಯಲ್ಲಿ. ವಿಜಯಪುರದಲ್ಲಿ ಮುಹೂರ್ತಗಳೂ ಬಿಸಿಲೂ ಮಾತಾಡಿಕೊಂಡವರ ಹಾಗೆ ಒಟ್ಟಿಗೇ ಬರುತ್ತವೆ. ಹೊರಗೆ 40 ಡಿಗ್ರಿ ದಾಟಿದ ಹೊತ್ತಿನಲ್ಲೇ ಒಂದರ ಮೇಲೊಂದು ಅಕ್ಷತೆಯ ದೃಶ್ಯ ರೆಂಡರಿಗೆ ಕೂತಿರುತ್ತದೆ. ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಬಂದರೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಬೀಗರು ಮಾತ್ರ ನಿಧಾನವಾಗುವುದಿಲ್ಲ, "ಅಲ್ಬಮ್ ಯಾವಾಗ್ರಿ, ವಿಡಿಯೋ ಯಾವಾಗ್ರಿ" ಎಂದು ಫೋನು ಮಾಡುತ್ತಲೇ ಇರುತ್ತಾರೆ.

ನೀರು ಹರಿಸುವ ಯೋಚನೆ ಬಂದದ್ದು ಹೀಗೆ. ಒಂದೇ ಅಳತೆಯ ಗಾಳಿಗಿಂತ ನೀರು ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖ ಹೊರುತ್ತದೆ. ದೊಡ್ಡ ಯಂತ್ರಗಳವರಿಗೆ ಇದು ಹಳೇ ಮಾತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಬೋರ್ಡುಗಳನ್ನು ಫ್ಲೋರಿನರ್ಟ್ ಎಂಬ, ವಿದ್ಯುತ್ ಹರಿಯದ ದ್ರವದಲ್ಲಿ ಪೂರ್ತಿ ಮುಳುಗಿಸಿಯೇ ಇಟ್ಟಿದ್ದರು. ಮನೆಯಲ್ಲಿ ಮಾಡಿಕೊಳ್ಳುವವರ ಕಥೆ ಬೇರೆ. ತೊಂಬತ್ತರ ದಶಕದ ಕೊನೆಗೆ ಅವರು ಮೀನಿನ ತೊಟ್ಟಿಯ ಪಂಪು, ಹಳೆ ಕಾರಿನ ಹೀಟರಿನೊಳಗಿನ ಪುಟ್ಟ ರೇಡಿಯೇಟರು ಜೋಡಿಸಿ ಶುರುಮಾಡಿದರು. ಗುಜರಿಯಲ್ಲಿ ಹುಟ್ಟಿದ ಈ ವಿದ್ಯೆಯ ಮೇಲೆ ನನಗೆ ಕ್ರೇಗಿಂತ ಹೆಚ್ಚು ಗೌರವ.

ಡಬ್ಬಿ ಹಿಡಿದುಕೊಂಡು ನಾನು ಹೋದದ್ದೂ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ರಿಪೇರಿ ಮಾಡುವ ಚಾಚಾನ ಹತ್ತಿರ. ಬೆರಳುದ್ದದ ರೆಕ್ಕೆಗಳಿದ್ದ ನನ್ನ ರೇಡಿಯೇಟರನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಕೇಳಿದ, "ಇದು ಯಾವ ಗಾಡೀದು ಸರ?" ಕಂಪ್ಯೂಟರಿಂದು, ಪ್ರೊಸೆಸರಿನ ಮೇಲೆ ಕೂರುವ ಬ್ಲಾಕಿನಿಂದ ಬಿಸಿನೀರು ಇದಕ್ಕೆ ಬರುತ್ತದೆ ಎಂದೆ. ನಗಲಿಲ್ಲ. "ತಾಮ್ರದ್ದ ಅದ, ಛಲೋ ಆತು. ಬ್ಲಾಕನೂ ತಾಮ್ರದ್ದ ಇರ್ಲಿ. ಒಂದ ನೀರಾಗ ತಾಮ್ರ, ಅಲ್ಯುಮಿನಿಯಂ ಎರಡೂ ಇಟ್ರಿ ಅಂದ್ರ ಅಲ್ಯುಮಿನಿಯಂ ತಿಂದ ಹೋಗ್ತದ." ನಾನು ಓದಿ ತಿಳಿದದ್ದನ್ನು ಆತ ಟ್ರ್ಯಾಕ್ಟರಿನಲ್ಲಿ ಕಂಡಿದ್ದ. ನಮ್ಮ ಬೋರಿನ ನೀರು ಗಡಸು, ಕೊಳಾಯಿಯ ಬಾಯಿಗೇ ಬಿಳಿ ಹಕ್ಕಳೆ ಕಟ್ಟುತ್ತದೆ. ಬ್ಲಾಕಿನೊಳಗಿನ ಕೂದಲೆಳೆಯ ಸಂದುಗಳಿಗೆ ಅದನ್ನು ಬಿಡುವುದುಂಟೇ? ಇನ್ವರ್ಟರಿನ ಅಂಗಡಿಯಲ್ಲಿ ಬ್ಯಾಟರಿ ನೀರಿನ ಕ್ಯಾನು ಕೊಂಡೆ.

ಕಷ್ಟವೆಲ್ಲ ಡಬ್ಬಿಯದೇ. 30 ಮಿಲಿಮೀಟರ್ ದಪ್ಪದ ರೇಡಿಯೇಟರು, ಅದರ ಮೇಲೆ 25 ಮಿಲಿಮೀಟರಿನ ಫ್ಯಾನು, ಎರಡೂ ಸೇರಿದರೆ ಬೋರ್ಡಿನ ಮೆಮೊರಿಗೆ ತಲೆ ತಾಗುತ್ತದೆ. ಹಾಗಾಗಿ ಫ್ಯಾನುಗಳನ್ನು ಮೇಲಿನ ತಗಡಿನ ಹೊರಗೆ ಕೂರಿಸಬೇಕಾಯಿತು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ತಗಡಿಗೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಗುರುತು ಹಾಕಿದೆ. 120 ಮಿಲಿಮೀಟರಿನ ಫ್ಯಾನಿಗೆ ಸ್ಕ್ರೂ ತೂತುಗಳ ನಡುವಿನ ಅಂತರ 105, ಅದರಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದರೂ ಕೂರುವುದಿಲ್ಲ. ಚಾಚಾನ ಹುಡುಗ ಡ್ರಿಲ್ಲಿಗೆ ವೃತ್ತಗರಗಸ ಹಾಕಿ ನಿಧಾನವಾಗಿ ಕೊರೆದ. ಅರದಿಂದ ಅಂಚು ಉಜ್ಜಿ, ಪೈಪು ಕೊಯ್ಯದಿರಲೆಂದು ರಬ್ಬರ್ ಬೀಡಿಂಗ್ ಕೂರಿಸಿದ. ಒಂದು ಚೂರು ತಗಡಿನ ಪುಡಿಯೂ ಒಳಗುಳಿಯದಂತೆ ಅಯಸ್ಕಾಂತ ಆಡಿಸಿ ತೆಗೆದೆ, ಶಾರ್ಟ್ ಆಗಲು ಅಷ್ಟೇ ಸಾಕು.

ಇಷ್ಟಾದರೂ ನೀರಿನ ತೊಟ್ಟಿಗೆ ಜಾಗವಿಲ್ಲ. ತೊಟ್ಟಿ ಯಾಕೆ ಬೇಕು, ಪೈಪಿನಲ್ಲೇ ನೀರು ಸುತ್ತಲಿ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ನಮ್ಮೂರಲ್ಲೇ ನಿಂತಿದೆ. ಸುಲ್ತಾನ ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಜಹಾನ್ ಬೇಗಮಳ ನೆನಪಿಗೆ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ. ಅಲ್ಲಿಂದ ಊರಿಗೆ ನೀರು ಬರುತ್ತಿದ್ದುದು ಮಣ್ಣಿನ ಕೊಳವೆಗಳಲ್ಲಿ. ಸುತ್ತ ಗಚ್ಚು ಕಟ್ಟಿ 15ರಿಂದ 50 ಅಡಿ ಆಳದಲ್ಲಿ ಹೂತ ಕೊಳವೆಗಳು ಅವು. ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರ ಕಟ್ಟಿದರು, ಅವೇ ಗಂಜ್. ನೀರು ಗಂಜಿನಲ್ಲಿ ಮೇಲೇರಿದಾಗ ಒತ್ತಡ ಇಳಿಯುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಕಸ ತಳಕ್ಕೆ ಕೂತು ತಿಳಿನೀರು ಮುಂದೆ ಹೋಗುತ್ತಿತ್ತು. ಪಂಪಿಗೆ ಸಿಕ್ಕಿದ ಗಾಳಿಗುಳ್ಳೆ ಮೇಲೆ ಬಂದು ಒಡೆಯಲು, ಬಿಸಿಯಾದ ನೀರು ಹಿಗ್ಗಲು ನನಗೂ ಅಂಥದೊಂದು ಬೇಕಿತ್ತು. ಹಾರ್ಡ್‌ಡಿಸ್ಕ್ ಇಡುವ ತಟ್ಟೆಯ ರಿವೆಟ್ ಹೊಡೆದು ಕಿತ್ತು, ಆ ಸಂದಿನಲ್ಲಿ ಪಂಪಿನ ನೆತ್ತಿಗೇ ಅಂಟಿದ ಪುಟ್ಟ ತೊಟ್ಟಿ ನಿಲ್ಲಿಸಿದೆ. ಹೆಂಡತಿ ಅದಕ್ಕೆ ಗಂಜ್ ಎಂದೇ ಹೆಸರಿಟ್ಟಳು.

ಮೊದಲ ಸಲ ನೀರು ತುಂಬಿದಾಗ ಬೋರ್ಡಿಗೆ ಕರೆಂಟು ಕೊಡುವಂತಿಲ್ಲ. ಪವರ್ ಸಪ್ಲೈನ 24 ಕಾಲಿನ ಪ್ಲಗ್ಗಿನಲ್ಲಿ ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿ ಪಂಪನ್ನಷ್ಟೇ ಓಡಿಸಿ, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟೆ. ಡಬ್ಬಿಯನ್ನು ಆ ಕಡೆ ಈ ಕಡೆ ವಾಲಿಸಿದರೆ ಗುಳುಗುಳು ಎಂದು ಗಾಳಿ ಹೊರಬರುತ್ತಿತ್ತು. ಕಾಗದ ಒಣಗಿಯೇ ಇತ್ತು.

ಈಗ ಪ್ರೊಸೆಸರ್ 75ರ ಆಸುಪಾಸು ನಿಲ್ಲುತ್ತದೆ. ಹಾಗಂತ ನೀರು ತಂಪು ಮಾಡುತ್ತದೆ ಎನ್ನುವುದು ಸುಳ್ಳು. ಅದು ಶಾಖವನ್ನು ಇಲ್ಲಿಂದ ಅಲ್ಲಿಗೆ ಹೊರುವ ಹಮಾಲ ಅಷ್ಟೇ. ಖೋಲಿ 40 ಡಿಗ್ರಿ ಇದ್ದರೆ ಆ ನೀರು 40ಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಅದನ್ನು ಇಳಿಸುವ ಉಪಾಯ ಗೊತ್ತಿದ್ದವರು ಕುಮಟಗಿಯವರು. ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಆ ಬೇಸಿಗೆ ಬಿಡಾರದಲ್ಲಿ ಆದಿಲ್‌ಶಾಹಿಗಳು ಗೋಡೆಯೊಳಗೆ ಕೊಳವೆ ಹುದುಗಿಸಿ, ಚಾವಣಿಯ ತೂತುಗಳಿಂದ ಮಳೆಯಂತೆ ನೀರು ಸುರಿಸುತ್ತಿದ್ದರು. ಒಣ ಹವೆಯಲ್ಲಿ ಹನಿ ಆರುತ್ತ ಶಾಖ ಹೀರಿಕೊಳ್ಳುತ್ತದೆ. ಮಂಗಳೂರಿನ ಬೆವರಿನಲ್ಲಿ ಈ ಆಟ ಅಷ್ಟು ನಡೆಯದು, ನಮ್ಮಲ್ಲಿ ಸೊಗಸಾಗಿ ನಡೆಯುತ್ತದೆ. ಇಂದಿಗೂ ಮನೆಮನೆಯ ಕೂಲರ್ ಮಾಡುವುದು ಅದನ್ನೇ. ಆದರೆ ಕೂಲರಿನ ತೇವದ ಗಾಳಿಯನ್ನು ಬೋರ್ಡಿಗೆ ಊದುವ ಧೈರ್ಯ ನನಗಿಲ್ಲ.

"ಹಂಗಾದ್ರ ರೇಡಿಯೇಟರ್ ಗ್ವಾಡಿ ಆಚೆ ಹಾಕ್ರಿ ಸರ, ಪೈಪ್ ಉದ್ದ ಮಾಡಿದ್ರ ಆತು. ಖೋಲಿಯಾಗಿನ ಧಗಿ ಹೊರಗ ಹೋಗ್ತದ" ಎಂದ ಚಾಚಾ. ಗೋಡೆಯ ಆಚೆ ಹಿತ್ತಲು, ಅದು ಅವ್ವನ ರಾಜ್ಯ. ಅಪ್ಪಣೆ ಕೇಳಲು ಹೋದೆ. ಮೊರದ ಮುಂದೆ ಕೂತಿದ್ದ ಅವ್ವ ಕೇಳಿದಳು, "ಬಿಸಿ ಗಾಳಿ ಬರ್ತದೇನು ಅದರಾಗಿಂದ?"

ಬರ್ತದ ಎಂದೆ.

"ರಾತ್ರೀನೂ?"

ರೆಂಡರ್ ಇದ್ದರೆ ರಾತ್ರೀನೂ ಎಂದೆ.

"ಮತ್ತ ಲಗೂನ ಹಾಕು. ಸಂಡಿಗಿ ಅದರ ಮುಂದ ಹರವ್ತೀನಿ."