ಬೆಳಿಗ್ಗೆ ಎಂಟರೊಳಗೆ

ರಾತ್ರಿ ಹತ್ತೂವರೆ. ಬೆಳಿಗ್ಗೆ ಎಂಟಕ್ಕೆ ಮಗಳ ಆನ್‌ಲೈನ್ ಕ್ಲಾಸ್. ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್. ಅದರಲ್ಲಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ನಮ್ಮದರ ಆಸ್ತಿ 2 ಮತ್ತು 32. ಲಿನಕ್ಸ್ ಹಾಕಿಬಿಡೋಣ, ಅರ್ಧ ಗಂಟೆ ಕೆಲಸ ಎಂದೆ.

"ರೀ, ಇವತ್ತೇ ಆಗಬೇಕಾ?" ಅಂದಳು ಹೆಂಡತಿ. ಕೇಳಬೇಕಿತ್ತು.

ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿದೆ. ಲ್ಯಾಪ್‌ಟಾಪ್ ಅದರತ್ತ ತಿರುಗಿಯೂ ನೋಡಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಊಹೂಂ! ಹನ್ನೊಂದೂ ಕಾಲಿಗೆ ಗುಟ್ಟು ಬಯಲಾಯಿತು: ಪ್ರೊಸೆಸರ್ 64 ಬಿಟ್, ಅದನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ 32 ಬಿಟ್. ಅರಮನೆಗೆ ಬೆಕ್ಕಿನ ಕಿಂಡಿ! ಅದು ಕೇಳುತ್ತಿದ್ದದ್ದು 'ಬೂಟ್‌ಐಎ32.ಇಎಫ್‌ಐ' ಎಂಬ ಪುಟ್ಟ ಫೈಲು. ಮೊಬೈಲಿಗೆ ಇಳಿಸಿಕೊಂಡು, ಓಟಿಜಿ ಕೇಬಲ್ ಸಿಕ್ಕಿಸಿ, ಪೆನ್‌ಡ್ರೈವಿನ 'ಬೂಟ್' ಫೋಲ್ಡರಿಗೆ ತುರುಕಿದೆ.

ಮೆನು ಬಂತು! ನಾಲ್ಕು ನಿಮಿಷಕ್ಕೆ ಹ್ಯಾಂಗ್. ಮತ್ತೆ ಆನ್, ಮತ್ತೆ ಹ್ಯಾಂಗ್. ಕೆಲಸವಿಲ್ಲದಾಗ ಗಾಢ ನಿದ್ದೆಗೆ ಜಾರುವ ಆ ಪ್ರೊಸೆಸರ್ ಏಳುವುದನ್ನೇ ಮರೆಯುತ್ತಿತ್ತು. ಬೂಟ್ ಸಾಲಿನ ಕೊನೆಗೆ 'ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1' ಎಂದು ಸೇರಿಸಿದೆ. ಮಲಗು ಮಾರಾಯ, ಆದರೆ ಕೋಳಿನಿದ್ದೆ ಸಾಕು.

ಒಂದು ಗಂಟೆ. 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು' ಎಂಬಲ್ಲಿ ಬೆರಳು ಎಂಟರ್ ಕೀಲಿಯ ಮೇಲಿತ್ತು. ಎದುರಿಗೆ 'ಎಸ್‌ಡಿಎ, 1 ಟಿಬಿ' ಎಂದಿದೆ. ಈ ಬಡಪಾಯಿಗೆಲ್ಲಿಯ 1 ಟಿಬಿ? ಪಕ್ಕಕ್ಕೆ ನೋಡಿದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ನೀಲಿ ದೀಪ ಮಿನುಗುತ್ತಿದೆ! ನಮ್ಮ ಮದುವೆ, ಮಗಳ ನಾಮಕರಣ, ತೀರಿಹೋದ ಅಪ್ಪನ ಫೋಟೋಗಳು, ಎಲ್ಲ ಅದರಲ್ಲೇ. ಕೇಬಲ್ ಕಿತ್ತು ಮಂಚದ ಮೇಲಿಟ್ಟೆ. ಕೈ ನಡುಗುವುದು ನಿಲ್ಲಲು ಒಂದು ಲೋಟ ನೀರು ಬೇಕಾಯಿತು. ಲ್ಯಾಪ್‌ಟಾಪಿನ ಸ್ವಂತ ಡಿಸ್ಕಿನ ಹೆಸರು 'ಎಂಎಂಸಿಬಿಎಲ್‌ಕೆ0'. ಇಂಥ ಹೆಸರಿಟ್ಟವರನ್ನು ಏನೆನ್ನಲಿ!

ಎರಡೂವರೆಗೆ ಇನ್‌ಸ್ಟಾಲ್ ಮುಗಿಯಿತು, ರೀಸ್ಟಾರ್ಟ್ ಮಾಡಿದೆ. ಕತ್ತಲು. ಒಳಗೆ ಕೂತದ್ದು ಲಿನಕ್ಸ್ ಎಬ್ಬಿಸುವ 64 ಬಿಟ್ ಗ್ರಬ್, ಬಾಗಿಲು ಅದೇ ಬೆಕ್ಕಿನ ಕಿಂಡಿ. ವಿಂಡೋಸ್ ಹೋಗಿತ್ತು, ಲಿನಕ್ಸ್ ಬಂದಿರಲಿಲ್ಲ.

ಪೆನ್‌ಡ್ರೈವಿನ ಗ್ರಬ್‌ನಲ್ಲಿ 'ಸಿ' ಒತ್ತಿ ಕಮಾಂಡ್ ಸಾಲಿಗಿಳಿದೆ. 'ಎಲ್‌ಎಸ್' ಹೊಡೆದು ಒಂದೊಂದೇ ವಿಭಾಗ ತಡಕಿದೆ. ಮೂರನೆಯದರಲ್ಲಿ 'ವಿಎಂಲಿನಜ್' ಎಂಬ ಕರ್ನಲ್ ಫೈಲು ಕಂಡಾಗ ಬಾಯಿಂದ ಹೊರಟ ಕೂಗಿಗೆ ಬೀದಿನಾಯಿಯೊಂದು ಉತ್ತರ ಕೊಟ್ಟಿತು. ಕರ್ನಲ್ ಸಾಲು, ಇನಿಟ್‌ಆರ್‌ಡಿ ಸಾಲು, ಆಮೇಲೆ 'ಬೂಟ್'. ಡೆಸ್ಕ್‌ಟಾಪ್! ವೈಫೈ ಇಲ್ಲ, ಇರಲಿ; ಮೊಬೈಲಿನ ಯುಎಸ್‌ಬಿ ಟೆದರಿಂಗ್ ಇದೆ. 32 ಬಿಟ್ ಗ್ರಬ್ ಎಳೆದುಕೊಂಡು ಕೂರಿಸಿದೆ. ಪೆನ್‌ಡ್ರೈವ್ ಕಿತ್ತು ಪವರ್ ಬಟನ್ ಒತ್ತಿ ಕಣ್ಣು ಮುಚ್ಚಿದೆ. ತೆರೆದಾಗ ಐದು ಗಂಟೆ ಎಂದು ತೋರಿಸುತ್ತ ಪರದೆ ಬೆಳಗುತ್ತಿತ್ತು.

ಎಂಟಕ್ಕೆ ಮಗಳು ಕ್ಲಾಸಿಗೆ ಕೂತಳು.

"ಅಪ್ಪಾ, ಮೇಡಂ ಬಾಯಿ ಆಡಿಸ್ತಿದ್ದಾರೆ. ಏನೂ ಕೇಳಿಸ್ತಿಲ್ಲ."