ರಿಮೋಟ್ ಸ್ಟಾರ್ಟು, ನಮ್ಮಪ್ಪನ ಪಿಕಪ್ಪು ಮತ್ತು ಒಂದು ಕಲ್ಲು

(1/6)
ಫ್ರೆಂಡ್ಸ್, ಈ ಸಲ ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಸೀಟ್ ಸಿಕ್ಕಿದಾಗ ಓದಿ.

ನಮ್ಮನೇಲಿ ಒಂದು ವಾರ ಪೂರ್ತಿ ಒಂದೇ ವಿಷಯಕ್ಕೆ ಜಗಳ. ಅಪ್ಪನ ಪಿಕಪ್‌ಗೆ ರಿಮೋಟ್ ಸ್ಟಾರ್ಟ್ ಹಾಕಿಸಬೇಕಾ, ಬೇಡ್ವಾ? ಶುರು ಮಾಡಿದ್ದು ದೊಡ್ಡಪ್ಪನ ಮಗ, ನಮ್ಮಣ್ಣ. ಅವನು ಒಂದು ರೀಲ್ ನೋಡಿದ್ದ. ಕೆನಡಾದಲ್ಲಿ ಒಬ್ಬ ಮನೆಯೊಳಗೆ ಕಾಫಿ ಕುಡೀತಾ ಬಟನ್ ಒತ್ತುತ್ತಾನೆ, ಹೊರಗೆ ಹಿಮದಲ್ಲಿ ಅರ್ಧ ಮುಳುಗಿರೋ ಡೀಸೆಲ್ ಟ್ರಕ್ಕು ತಾನಾಗೇ ಸ್ಟಾರ್ಟ್ ಆಗುತ್ತೆ. "ಚಿಕ್ಕಪ್ಪ ಈ ಚಳೀಲಿ ಯಾಕೆ ಒದ್ದಾಡಬೇಕು? ಆನ್‌ಲೈನಲ್ಲಿ ಕಿಟ್ ಸಿಗುತ್ತೆ, ಹಾಕ್ಸಿಬಿಡೋಣ" ಅಂದ.

ಅಣ್ಣನ ಮನಸ್ಸು ಒಳ್ಳೇದೇ. ಡಿಸೆಂಬರ್, ಜನವರೀಲಿ ಅಪ್ಪ ಬೆಳಗಿನ ಜಾವ ಮೂರೂವರೆಗೆ ಏಳ್ತಾರೆ. ಹಿಂದಿನ ಸಂಜೆ ಲೋಡ್ ಆಗಿರೋ ಟೊಮೆಟೊ ಬಾಕ್ಸು ಕೋಲಾರ ಎಪಿಎಂಸಿಗೆ, ಇಲ್ಲಾಂದ್ರೆ ವಡ್ಡಹಳ್ಳಿ ಮಂಡಿಗೆ ಹೋಗಬೇಕು. ಮಾಲು ನಮ್ಮದಲ್ಲ, ಅಕ್ಕಪಕ್ಕದ ನಾಲ್ಕೈದು ರೈತರದು. ನಮಗೆ ಬರೋದು ಬಾಡಿಗೆ ಮಾತ್ರ. ಆದರೆ ಹರಾಜಿಗೆ ಲೇಟಾದ್ರೆ ಬೈಗುಳ ನಮಗೇ. ಟೊಮೆಟೊ ರೇಟ್ ಹೇಗೆ ಆಡುತ್ತೆ ಅಂತ ನಿಮಗೇ ಗೊತ್ತು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಕೇಳೋರಿಲ್ಲದೆ ರಸ್ತೆ ಪಕ್ಕ ಸುರಿದಿರೋದನ್ನೂ ನಾವೆಲ್ಲ ನೋಡಿದ್ದೀವಿ.

ಹೋದ ಡಿಸೆಂಬರ್‌ನಲ್ಲಿ ಮೂರು ದಿನ ಗಾಡಿ ಸ್ಟಾರ್ಟೇ ಆಗಲಿಲ್ಲ. ಬೀದಿಯವರನ್ನ ಎಬ್ಬಿಸಿ, ಲೋಡ್ ಸಮೇತ ತಳ್ಳಿ ಸ್ಟಾರ್ಟ್ ಮಾಡಿದ್ದು. ಆಮೇಲೆ ಅಪ್ಪ ಆ ನಾಲ್ಕು ಮನೆಯವರ ಮುಖ ನೋಡೋಕೇ ಸಂಕೋಚ ಪಟ್ಕೊಳ್ತಿದ್ರು.

(2/6)
ಚಳಿಗೆ ಡೀಸೆಲ್ ಗಾಡಿ ಯಾಕೆ ಮೊಂಡು ಹಿಡಿಯುತ್ತೆ? ಕಾಮರ್ಸ್‌ನವರಿಗೋಸ್ಕರ ಕಾಮರ್ಸ್‌ನವಳೇ ಹೇಳ್ತೀನಿ, ಸೈನ್ಸ್‌ನವರು ನಗಬೇಡಿ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸೈಕಲ್‌ಗೆ ಗಾಳಿ ಹೊಡೀವಾಗ ಪಂಪಿನ ತುದಿ ಬಿಸಿಯಾಗುತ್ತಲ್ಲ, ಅದೇ ಕೆಲಸ ಇಲ್ಲೂ. ಸಿಲಿಂಡರ್ ಒಳಗಿನ ಗಾಳಿಯನ್ನ ಹದಿನೈದು, ಇಪ್ಪತ್ತು ಪಟ್ಟು ಚಿಕ್ಕ ಜಾಗಕ್ಕೆ ಒತ್ತಿದಾಗ ಅದು ಐನೂರು ಡಿಗ್ರಿಗೂ ಮೇಲೆ ಕಾಯುತ್ತೆ. ಅದರ ಮೇಲೆ ಡೀಸೆಲ್ ಸಿಂಪಡಿಸಿದ್ರೆ ತಾನಾಗೇ ಹೊತ್ತಿಕೊಳ್ಳುತ್ತೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನ ತತ್ವ ಇದೇ.

ಚಳಿ ಇದ್ದಾಗ ಒತ್ತಿ ಕಾಯಿಸಿದ ಶಾಖವನ್ನ ತಣ್ಣಗಿರೋ ಕಬ್ಬಿಣ ಹೀರಿಕೊಳ್ಳುತ್ತೆ. ಇಂಜಿನ್ ಆಯಿಲ್ ಗಟ್ಟಿಯಾಗಿ ತಿರುಗೋಕೆ ಭಾರ. ಅದೇ ಹೊತ್ತಿಗೆ ಬ್ಯಾಟರಿ ಶಕ್ತಿನೂ ಕಮ್ಮಿ ಆಗುತ್ತೆ. ಅದಕ್ಕೇ ಹೀಟರ್ ಪ್ಲಗ್ ಇರೋದು. ಕೀ ಅರ್ಧ ತಿರುಗಿಸಿದಾಗ ಮೀಟರ್ ಬೋರ್ಡಲ್ಲಿ ಸುರುಳಿ ಥರದ ಲೈಟ್ ಬರುತ್ತಲ್ಲ, ಅದು ಆರೋವರೆಗೂ ಕಾಯಬೇಕು.

ಈಗ ಕೆನಡಾ ವಿಷಯ. ಅಲ್ಲಿ ಮೈನಸ್ 30 ಡಿಗ್ರಿಗೆ ಡೀಸೆಲ್‌ನಲ್ಲಿರೋ ಮೇಣವೇ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ರಾತ್ರಿಯೆಲ್ಲ ಇಂಜಿನ್‌ಗೆ ಕರೆಂಟ್ ಹೀಟರ್ ಸಿಕ್ಕಿಸಿಡ್ತಾರೆ. ನಮ್ಮ ದೇಶದಲ್ಲೇ ಲಡಾಖ್‌ಗೆ ಅಂತ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಬೇರೆ ಡೀಸೆಲ್ಲೇ ತಂತು, ಮೈನಸ್ 33 ಡಿಗ್ರಿವರೆಗೂ ಹರಿಯೋದು.

ಬೇತಮಂಗಲದಲ್ಲಿ? ಪಾಲಾರ್ ಕೆರೆ ಕಡೆಯಿಂದ ಗಾಳಿ ಬಂದ್ರೆ ಹಲ್ಲು ಕಟಕಟ ಅನ್ನುತ್ತೆ ನಿಜ. ಆದರೂ 12, 13 ಡಿಗ್ರಿ ಅಷ್ಟೇ. ಆ ಚಳಿಗೆ ಒಳ್ಳೇ ಸ್ಥಿತೀಲಿರೋ ಡೀಸೆಲ್ ಗಾಡಿ ಸ್ಟಾರ್ಟ್ ಆಗಲೇಬೇಕು. ಆಗ್ತಿಲ್ಲ ಅಂದ್ರೆ ತಪ್ಪು ಗಾಡಿ ಒಳಗೇ ಎಲ್ಲೋ ಇದೆ.

(3/6)
ಅಣ್ಣ ಬಿಡಲಿಲ್ಲ. "ಸ್ಟಾರ್ಟ್ ಆಗೋದು ಬೇರೆ, ಒಳಗಿಂದ ಸ್ಟಾರ್ಟ್ ಮಾಡೋದು ಬೇರೆ. ಚಿಕ್ಕಪ್ಪ ಕಾಫಿ ಕುಡಿಯೋಷ್ಟರಲ್ಲಿ ಇಂಜಿನ್ ಬಿಸಿ ಆಗಿರುತ್ತೆ" ಅಂದ.

ಅಪ್ಪ ಬೀಡಿ ಆರಿಸಿ ಒಂದೇ ಮಾತು ಕೇಳಿದ್ರು: "ಗಾಡಿ ಗೇರಲ್ಲೈತೆ ಕಣೋ. ಅದು ನಿನ್ನ ರಿಮೋಟ್‌ಗೆ ಗೊತ್ತಾಗ್ತದಾ?"

ನಮ್ಮ ಬೀದಿ ಇಳಿಜಾರು. ಗಾಡಿ ಮೂತಿ ಮೇಲಕ್ಕೆ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು ನಿಲ್ಲಿಸ್ತಾರೆ. ಲೋಡ್ ಗಾಡಿನ ಬರೀ ಹ್ಯಾಂಡ್‌ಬ್ರೇಕ್ ನಂಬಿ ಯಾರೂ ಬಿಡಲ್ಲ. ನಿಮ್ಮನೇಲೂ ಇದೇ ಅಭ್ಯಾಸ ಇರುತ್ತೆ. ಗೇರಲ್ಲಿರೋ ಗಾಡಿಗೆ ಕ್ಲಚ್ ತುಳಿಯದೆ ಸ್ಟಾರ್ಟರ್ ಕೊಟ್ರೆ ಏನಾಗುತ್ತೆ? ಮುಂದಕ್ಕೆ ನೆಗೆಯುತ್ತೆ. ಕಲ್ಲು ಹಿಂದೆ ಇದೆ, ಮುಂದೆ ಹೋಗೋದನ್ನ ಅದು ತಡೆಯಲ್ಲ. ಹೊಸ ಗಾಡಿಗಳಲ್ಲಿ ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಹಾಗೆ ಸ್ವಿಚ್ ಇರುತ್ತೆ. ಆದರೆ ರಿಮೋಟ್ ಕಿಟ್ ಕೆಲಸ ಮಾಡಬೇಕಾದ್ರೆ ಆ ಸ್ವಿಚ್ಚನ್ನೇ ವೈರ್ ಹಾಕಿ ದಾಟಿಸ್ತಾರೆ.

ಈಗ ಹೊತ್ತು ನೋಡಿ. ಧನುರ್ಮಾಸ. ಬೆಳಗಿನ ಜಾವ ನಾಲ್ಕು ಗಂಟೆ. ಅಮ್ಮ ಬಾಗಿಲಿಗೆ ನೀರು ಹಾಕಿ, ಗಾಡಿ ಮೂತಿ ಮುಂದೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಬಿಡ್ತಿರ್ತಾರೆ. ಇಂಜಿನ್ ಕೆಳಗೆ ಬೆಚ್ಚಗಿರುತ್ತೆ ಅಂತ ಬೀದಿ ನಾಯಿಮರಿಗಳು ಮಲಗಿರ್ತವೆ. ಅಪ್ಪ ದಿನಾ ಬಾನೆಟ್ ಮೇಲೆ ಎರಡು ಸಲ ತಟ್ಟಿ, ಬಗ್ಗಿ ನೋಡಿ, ಆಮೇಲೇ ಹತ್ತೋದು. ಬಟನ್ ಒತ್ತೋರು ಒಳಗಿದ್ರೆ ಇದನ್ನ ಯಾರು ನೋಡ್ತಾರೆ?

ಅಪ್ಪನ ಪ್ರಶ್ನೆ ಕೇಳಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಂತ್ರು. ಏನೂ ಹೇಳಲಿಲ್ಲ. ಅಣ್ಣನೂ ಸುಮ್ಮನಾದ.

(4/6)
ಆದರೂ ನ್ಯಾಯವಾಗಿ ನೋಡಬೇಕಲ್ಲ, ಅಂತ ರಾತ್ರಿ ಕೂತು ಓದಿದೆ.

ಆ ದೇಶಗಳಲ್ಲಿ ರಿಮೋಟ್ ಸ್ಟಾರ್ಟ್ ಇರೋ ಗಾಡಿ ಹೆಚ್ಚಾಗಿ ಆಟೊಮ್ಯಾಟಿಕ್. ಪಾರ್ಕ್‌ನಲ್ಲಿದ್ರೆ ಮಾತ್ರ ಸ್ಟಾರ್ಟ್ ಆಗುತ್ತೆ. ಮ್ಯಾನುಯಲ್ ಗಾಡಿಗೆ ಅಂತ ಮಾಡಿರೋ ಒಳ್ಳೇ ಕಿಟ್‌ಗಳಲ್ಲಿ ಒಂದು ಕ್ರಮ ಇದೆ: ಗಾಡಿ ನಿಲ್ಲಿಸುವಾಗ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಓಡ್ತಿರುವಾಗಲೇ ಕೀ ತೆಗೆದು, ಇಳಿದು ಬಾಗಿಲು ಹಾಕಬೇಕು. ಆಮೇಲೆ ಕಿಟ್ಟೇ ಇಂಜಿನ್ ಆಫ್ ಮಾಡುತ್ತೆ. ಮತ್ತೆ ಯಾರಾದ್ರೂ ಬಾಗಿಲು ತೆಗೆದ್ರೆ ಗೇರ್ ಮುಟ್ಟಿರಬಹುದು ಅಂತ ರಿಮೋಟ್ ರದ್ದು. ಡೀಸೆಲ್ ಆದ್ರೆ ಹೀಟರ್ ಲೈಟ್ ಆರೋವರೆಗೂ ಕಾಯೋ ವ್ಯವಸ್ಥೆನೂ ಬೇಕು. ಅಂದ್ರೆ ಇಳಿಜಾರಲ್ಲಿ ಲೋಡ್ ಗಾಡಿನ ರಾತ್ರಿಯೆಲ್ಲ ನ್ಯೂಟ್ರಲ್‌ನಲ್ಲಿ ಬಿಡಬೇಕು. ನಮ್ಮ ಬೀದೀಲಿ ಅದು ಆಗದ ಮಾತು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 126 ಪ್ರಕಾರ, ಸಾರ್ವಜನಿಕ ಜಾಗದಲ್ಲಿ ನಿಂತ ಗಾಡಿಯ ಡ್ರೈವರ್ ಸೀಟಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು, ಇಲ್ಲಾಂದ್ರೆ ಇಂಜಿನ್ ಆಫ್ ಆಗಿ ಬ್ರೇಕ್ ಹಾಕಿರಬೇಕು. ನಮ್ಮ ಗಾಡಿ ನಿಲ್ಲೋದು ಬೀದೀಲಿ. ಖಾಲಿ ಗಾಡಿ ಅಲ್ಲಿ ಗುರ್ ಅಂತ ಓಡ್ತಾ ನಿಲ್ಲೋ ಹಾಗೇ ಇಲ್ಲ.

ಹೊಗೆ ಇನ್ನೊಂದು. ನಮ್ಮ ಸೈಲೆನ್ಸರ್ ಇರೋದು ಪಕ್ಕದ ಮನೆ ಕಿಟಕಿ ಹತ್ರ, ಅಲ್ಲೊಂದು ವರ್ಷದ ಪಾಪು ಮಲಗುತ್ತೆ. ಶೆಡ್ ಒಳಗೆ ನಿಲ್ಲಿಸೋರಿಗಂತೂ ಇನ್ನೂ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಷ್ಟಕ್ಕೂ ನಿಂತಲ್ಲೇ ಓಡಿಸಿದ್ರೆ ಡೀಸೆಲ್ ಇಂಜಿನ್ ಬೇಗ ಬಿಸಿ ಆಗಲ್ಲ. ಒಂದೆರಡು ನಿಮಿಷ ಬಿಟ್ಟು ಮೆಲ್ಲಗೆ ಓಡಿಸಿದ್ರೇ ಬೇಗ ಬಿಸಿ ಆಗುತ್ತೆ.

(5/6)
ಮಾರನೇ ದಿನ ನಾನೇ ಕೇಳಿದೆ: "ಅಪ್ಪ, ನಿಜವಾಗ್ಲೂ ಕಷ್ಟ ಆಗೋದು ಯಾವುದು? ಚಳೀನಾ?"

"ಚಳಿ ಏನ್ ಮಾಡ್ತದಮ್ಮ, ಟವೆಲ್ ಸುತ್ಕೊಂಡ್ರೆ ಆಯ್ತು. ಸ್ಟಾರ್ಟ್ ಆಗ್ತದೋ ಇಲ್ವೋ ಅಂತ ಎರಡು ಗಂಟೆಗೇ ಎಚ್ಚರ ಆಗಿಬಿಡ್ತದೆ. ಆಮೇಲೆ ನಿದ್ದೆ ಹತ್ತಲ್ಲ. ಅದೇ ಕಷ್ಟ."

ಒಂದು ವಾರ ನಾವು ಜಗಳ ಆಡಿದ್ದು ಚಳಿ ಬಗ್ಗೆ. ಅವರ ಕಷ್ಟ ಇದ್ದದ್ದು ನಿದ್ದೇಲಿ. ಆ ಭಯ ಹೋಗಬೇಕಾದ್ರೆ ಬಟನ್ ಎಲ್ಲಿದ್ರೂ ಒಂದೇ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು.

ಭಾನುವಾರ ಬಂಗಾರಪೇಟೆಗೆ ತಗೊಂಡು ಹೋದ್ವಿ. ಮೆಕ್ಯಾನಿಕ್ ಅಣ್ಣ ಮೀಟರ್ ಇಟ್ಟು ತೋರಿಸಿದ್ರು. ಫುಲ್ ಚಾರ್ಜ್ ಇರೋ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ತೋರಿಸಬೇಕು. ನಮ್ಮದು 12.3. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನಮ್ಮದು 8.9ಕ್ಕೆ ಬಿತ್ತು. ನಾಲ್ಕು ಹೀಟರ್ ಪ್ಲಗ್‌ನಲ್ಲಿ ಎರಡು ಸತ್ತೇ ಹೋಗಿತ್ತು. ಅರ್ತ್ ಕೇಬಲ್ ತುದೀಲಿ ಬಿಳಿ ಪುಡಿ ಕಟ್ಟಿತ್ತು.

ಬಿಕಾಂ ಓದಿದ್ದಕ್ಕೆ ಇಷ್ಟಾದ್ರೂ ಮಾಡಬೇಕಲ್ಲ, ಲೆಕ್ಕ ಬರೆದೆ:
ಬ್ಯಾಟರಿ, ಹಳೇದು ಕೊಟ್ಟು: 6,800
ಹೀಟರ್ ಪ್ಲಗ್ ನಾಲ್ಕು: 1,800
ಕೂಲಿ: 600
ಒಟ್ಟು: 9,200

ರಿಮೋಟ್ ಕಿಟ್, ಫಿಟ್ಟಿಂಗ್ ಸೇರಿ: 8,000
ದಿನಾ ಕಾಲು ಗಂಟೆ ನಿಂತಲ್ಲೇ ಓಡಿದ್ರೆ ಸುಮಾರು 0.2 ಲೀಟರ್ ಡೀಸೆಲ್, ಲೀಟರ್‌ಗೆ 90ರಂತೆ 18 ರೂಪಾಯಿ. ಚಳಿಗಾಲದ 90 ದಿನಕ್ಕೆ: 1,620

ಅಣ್ಣ ತಕ್ಷಣ ಹೇಳಿದ, "ನೋಡು, ಕಿಟ್ಟೇ ಅಗ್ಗ!" ಇಲ್ಲ ಅಣ್ಣ. ಬ್ಯಾಟರಿ ಸತ್ತಿದ್ರೆ ರಿಮೋಟ್ ಒತ್ತಿದ್ರೂ ಅದೇ ಟಕ್ ಟಕ್ ಸದ್ದು. ಆ 9,200 ಎರಡು ಕಡೆನೂ ಬರೋ ಖರ್ಚು, ಹೋಲಿಕೇಲಿ ಅದನ್ನ ಬಿಟ್ಟುಬಿಡಬೇಕು. ಕಾಸ್ಟ್ ಅಕೌಂಟಿಂಗ್ ಮೇಡಂ ಇದನ್ನೇ ಡಿಫರೆನ್ಷಿಯಲ್ ಕಾಸ್ಟ್ ಅಂತ ಹೇಳಿದ್ದು. ಕಿಟ್ ಅಂದ್ರೆ ಅದರ ಮೇಲೆ ಇನ್ನೂ 9,620.

(6/6)
ಹೊಸ ಬ್ಯಾಟರಿ ಹಾಕಿ ಈಗ ಇಪ್ಪತ್ತು ದಿನ. ಹೀಟರ್ ಲೈಟ್ ಆರಿದ ಮೇಲೆ ಒಂದೇ ಕೀಗೆ ಸ್ಟಾರ್ಟು. ಅಪ್ಪ ಈಗ ಅಲಾರಂ ಹೊಡೆದ ಮೇಲೇ ಏಳೋದು. ಅದೂ ಅಮ್ಮ ಎರಡು ಸಲ ಕೂಗಬೇಕು. ಅಣ್ಣ ಸ್ವಲ್ಪ ಮುನಿಸಿಕೊಂಡಿದ್ದ. ಆಮೇಲೆ ತಾನೇ ಬಡಗಿ ಹತ್ರ ಹೋಗಿ ಹಗ್ಗ ಕಟ್ಟಿರೋ ಎರಡು ಮರದ ಅಡೆ ಮಾಡಿಸ್ಕೊಂಡು ಬಂದ, ಚಕ್ರದ ಹಿಂದಕ್ಕೊಂದು, ಮುಂದಕ್ಕೊಂದು. ಅಪ್ಪ ಅದನ್ನ ದಿನಾ ಹಾಕ್ತಾರೆ. ಹಳೇ ಕಲ್ಲನ್ನ ಮಾತ್ರ ಇನ್ನೂ ಬಿಸಾಕಿಲ್ಲ.

ನಿಮ್ಮನೇಲೂ ಪಿಕಪ್ಪು, ಟ್ರ್ಯಾಕ್ಟರ್ ಇದ್ರೆ ಈ ವಾರ ಮೂರು ಕೆಲಸ ಮಾಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬ್ಯಾಟರಿ ಚೆಕ್ ಮಾಡಿಸಿ. ಟರ್ಮಿನಲ್ ಮೇಲಿನ ಬಿಳಿ ಪುಡಿ ಕ್ಲೀನ್ ಮಾಡಿಸಿ. ಹೀಟರ್ ಪ್ಲಗ್ ಇದ್ರೆ ಅದು ಕೆಲಸ ಮಾಡುತ್ತಾ ನೋಡಿ. ರಿಮೋಟ್ ಕಿಟ್ ಹಾಕ್ಸೋಕೆ ಹೊರಟಿರೋ ಅಣ್ಣ ತಮ್ಮಂದಿರಿಗೆ ಭಾಗ 3 ಕಳಿಸಿ.

ಆಮೇಲೆ ನಿಮ್ಮಪ್ಪನ್ನ ಒಂದು ಸಲ ಕೇಳಿ, ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ ಅಂತ. ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ, ನಾನು ಎಲ್ಲಾ ಓದ್ತೀನಿ.

#ಬೇತಮಂಗಲ #ಕೆಜಿಎಫ್ #ಬಂಗಾರಪೇಟೆ #ಟೊಮೆಟೊಗಾಡಿ #ಬಿಕಾಂಲೆಕ್ಕ