ಕಾಣದುದರ ಲೆಕ್ಕ

ನಮ್ಮ ತಂದೆಯವರಿಗೆ ತಮ್ಮ ಕಣ್ಣಿನ ಮೇಲೆ ಬಹು ಅಭಿಮಾನ. ಅರವತ್ತು ಕಳೆದಿದ್ದರೂ ಕನ್ನಡಕ ಏರಿಸಿದರೆ ಪಂಚಾಂಗದ ಸಣ್ಣಕ್ಷರವನ್ನು ತಡೆಯಿಲ್ಲದೆ ಓದುವರು. ಅಂಥವರಿಗೆ ವೈದ್ಯರು ‘ಗ್ಲಾಕೋಮಾ’ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ.

ಈ ರೋಗದ ಕಪಟವೇ ಅದು. ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ತಂತುಗಳಿವೆ. ಅವು ಸದ್ದಿಲ್ಲದೆ ಸಾಯುತ್ತವೆ. ನೋಟವು ಸಾಮಾನ್ಯವಾಗಿ ಬದಿಯಿಂದ ಸವೆಯುತ್ತ ಬರುತ್ತದೆ. ನಡುವಿನ ನೋಟ ಬಹುಕಾಲ ಉಳಿದಿರುತ್ತದೆ. ಹೋದ ಜಾಗವೂ ಕಪ್ಪಾಗಿ ಕಾಣದು. ಮಿದುಳು ಅಲ್ಲಿಗೆ ತೇಪೆ ಹಾಕಿಬಿಡುತ್ತದೆ.

ಇದರ ಜಾಡು ಹಿಡಿಯಲು ಎರಡು ಪರೀಕ್ಷೆಗಳು. ಒಂದು, ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ದೀಪವನ್ನೇ ನೋಡುತ್ತ, ಅಲ್ಲಲ್ಲಿ ಮಿನುಗುವ ಮಂದ ಬೆಳಕು ಕಂಡಾಗ ಗುಂಡಿ ಒತ್ತುವುದು. ಇನ್ನೊಂದು ಓ.ಸಿ.ಟಿ.; 1991ರಲ್ಲಿ ಅಮೆರಿಕದ ಸಂಶೋಧಕರು ಲೋಕಕ್ಕೆ ತಿಳಿಸಿದ ವಿದ್ಯೆ. ಕಣ್ಣನ್ನು ಮುಟ್ಟದೆ, ಬೆಳಕಿನಿಂದಲೇ ಅಕ್ಷಿಪಟದ ನರತಂತುಗಳ ಪದರವನ್ನು ಅಳೆಯುತ್ತದೆ. ಅಳತೆ ಮೈಕ್ರಾನುಗಳಲ್ಲಿ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಮೊದಲ ಸಲ 84 ಮೈಕ್ರಾನ್ ಬಂದಿತು. ಆರು ತಿಂಗಳಿಗೆ ಮತ್ತೆ ಬನ್ನಿರೆಂದರು. ನನಗೆ ಕಾಲೇಜಿನ ಪರೀಕ್ಷೆ, ತಂದೆಯವರಿಗೆ ಖರ್ಚಿನ ಚಿಂತೆ. ಹೋದದ್ದು ಎರಡು ವರ್ಷದ ಮೇಲೆ. ಕಣ್ಣಿಗೆ ಬಿಡುವ ಹನಿಯೂ ನಡುವೆ ನಿಂತಿತ್ತು. ಈ ಬಾರಿ 73. ನೋಟದ ನಕ್ಷೆಯಲ್ಲಿ ಮೂಗಿನ ಕಡೆಗೆ ಕಪ್ಪು ಚುಕ್ಕೆಗಳು.

“ಗುಂಡಿ ಒತ್ತುವಾಗ ತೂಕಡಿಕೆ ಬಂದಿತ್ತು” ಎಂದು ತಂದೆಯವರು ವಾದಿಸಿದರು. ವೈದ್ಯರು ನಗಲಿಲ್ಲ. ದಣಿದ ಮನಸ್ಸು ತಪ್ಪುವುದುಂಟು. ಯಂತ್ರದ ಅಳತೆಯೂ ಕೆಲವು ಮೈಕ್ರಾನ್ ಆಚೀಚೆಯಾಗುವುದುಂಟು. ವಯಸ್ಸಿನಿಂದಲೂ ಪದರ ತುಸು ತೆಳುವಾಗುವುದುಂಟು. ಒಂದೇ ಹಾಳೆಯನ್ನು ನಂಬಿ ತೀರ್ಪು ಕೊಡಬಾರದೆಂದು ಹೇಳಿ ಮತ್ತೊಂದು ದಿನ ಪರೀಕ್ಷಿಸಿದರು. ಚುಕ್ಕೆಗಳು ಅದೇ ಸ್ಥಳದಲ್ಲಿ ಬಂದುವು. ಪದರ ತೆಳುವಾದದ್ದೂ ಅದಕ್ಕೆ ಸಂಬಂಧಿಸಿದ ಭಾಗದಲ್ಲಿಯೇ. ಎರಡು ಸಾಕ್ಷಿಗಳು ಒಂದೇ ಮಾತು ನುಡಿದಂತಾಯಿತು. ರೋಗ ತೀರ ಬಲಿತ ಮೇಲೆ ಪದರ ಇನ್ನಷ್ಟು ತೆಳುವಾಗಲು ಉಳಿದಿರುವುದಿಲ್ಲವಂತೆ. ಆಗ ಗುಂಡಿಯ ಸಾಕ್ಷಿಯೇ ಮುಖ್ಯ.

“ಹೋದ ನೋಟ ಮರಳದು, ಉಳಿದುದನ್ನು ಕಾಪಾಡೋಣ” ಎಂದರು ವೈದ್ಯರು. ಆ ಹೋದ ಪಾಲಿನಲ್ಲಿ ನನ್ನ ಅಲಕ್ಷ್ಯದ ಪಾಲೆಷ್ಟೆಂಬುದನ್ನು ಯಾವ ಯಂತ್ರವೂ ಅಳೆಯಲಿಲ್ಲ. ಈಗ ಪ್ರತಿ ರಾತ್ರಿ ಹನಿ ಬಿಡುವ ಕೆಲಸ ನನ್ನದು. “ಚೆನ್ನಾಗಿಯೇ ಕಾಣುತ್ತದಲ್ಲೋ!” ಎಂದು ತಂದೆಯವರು ಇಂದಿಗೂ ಗೊಣಗುವರು. ನಾನು ವಾದಿಸುವುದಿಲ್ಲ.

ರೋಗಿಯ ಮಕ್ಕಳಿಗೂ ಒಡಹುಟ್ಟಿದವರಿಗೂ ಈ ರೋಗದ ಅಪಾಯ ಹೆಚ್ಚು. ಆದುದರಿಂದ ಕಳೆದ ತಿಂಗಳು ನಾನೂ ಆ ಬೋಗುಣಿಯಲ್ಲಿ ಮುಖವಿಟ್ಟೆನು. ದೋಷ ಕಾಣಲಿಲ್ಲ. ಆದರೂ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಮುಂದೊಂದು ದಿನ ಇನ್ನೊಂದು ಹಾಳೆ ಬಂದಾಗ, ಪಕ್ಕದಲ್ಲಿಟ್ಟು ನೋಡಲು ಅದು ಬೇಕಾಗುವುದು.